ಟೈಲರಕ್ಕನ ಮನೆಯ ಕಿಟಕಿಗಳು

ಟೈಲರಕ್ಕನ ಮನೆಗೆ ಹೊಸ ಕಿಟಕಿಗಳನ್ನು ಕೂಡಿಸಿದ ಭಾನುವಾರ ಬೀದಿಯವರೆಲ್ಲ ಅವಳ ಮನೆಯ ಮುಂದೆಯೇ ಊಟಕ್ಕೆ ಕುಳಿತರು. ಬಟಾಣಿ ಹಾಕಿದ ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಮೊಟ್ಟೆ ಸಾಲಲಿಲ್ಲ. ಟೈಲರಕ್ಕ ಹೊಲಿಗೆಯ ದಾರದಿಂದ ಒಂದೊಂದನ್ನೂ ಎರಡು ಹೋಳು ಮಾಡಿ ಬಡಿಸಿದಳು.

ಬೆಳಗಿನಿಂದ ಅವಳು ನನ್ನ ಅತ್ತೆಯ ಬೆನ್ನು ಹತ್ತಿದ್ದಳು. "ಮೇಸ್ತ್ರಮ್ಮ, ಒಂದೇ ಒಂದು ಮೊಳೆ ಹೊಡೀತೀನಿ, ಬಿಡಿ."

"ಇವತ್ತು ನಿನ್ನ ಸರದಿ. ಸರದಿ ಮನೆಯವರು ಸೌಟು ಬಿಟ್ಟು ಬೇರೆ ಏನೂ ಮುಟ್ಟೋ ಹಾಗಿಲ್ಲ."

"ನನ್ನ ಮನೆಗೆ ನಾನೇ ಕೈ ಹಾಕದೆ ಇದ್ರೆ ಹೇಗೆ?"

"ಅದಕ್ಕೇ ಹಾಕಬಾರದು. ಪಕ್ಕದ ಮನೆ ಕೆಲಸ ಆದ್ರೆ ಎಲ್ಲರೂ ಸರಿಯಾಗಿ ಮಾಡ್ತಾರೆ, ತಮ್ಮದಾದ್ರೆ ಸಾಕು ಬಿಡು ಅಂತಾರೆ. ಹೋಗು, ಅನ್ನ ಸೀದಿರುತ್ತೆ ನೋಡು."

ಮೇಸ್ತ್ರಮ್ಮ ಎಂಬುದು ಬೀದಿಯೇ ಕೊಟ್ಟ ಹೆಸರು. ಗಿರಣಿ ನಡೆಯುತ್ತಿದ್ದಾಗ ಅತ್ತೆ ನೂಲು ಸುತ್ತುವ ವಿಭಾಗದಲ್ಲಿದ್ದರು. ಅಲ್ಲಿ ಯಾರಿಗೂ ಮೇಸ್ತ್ರಿಯಾಗಿರಲಿಲ್ಲ. ಗಿರಣಿ ಮುಚ್ಚಿದ ಮೇಲೆ ಅದರ ಕಾಂಪೌಂಡ್ ಗೋಡೆಯ ಉದ್ದಕ್ಕೂ ಊರಿನ ಕಸವೆಲ್ಲ ಬಂದು ಬೀಳತೊಡಗಿತು. ಒಂದು ಭಾನುವಾರ ಅತ್ತೆ ಒಬ್ಬರೇ ಸಲಿಕೆ ಹಿಡಿದು ಹೋದರು. ಜನ ಕಿಟಕಿಯಲ್ಲಿ ನಿಂತು ನಕ್ಕರು. ಮುಂದಿನ ವಾರ ನನ್ನ ಗಂಡ ಹೋದರು, ನಗುವವರ ಎದುರು ಅಮ್ಮ ಒಬ್ಬಳೇ ಇರಬಾರದೆಂದು. ಅದರ ಮುಂದಿನ ವಾರ ನಕ್ಕವರಲ್ಲಿ ಕೆಲವರು ಬಂದರು. ಕಸ ಹೋದ ಮೇಲೆ ಚರಂಡಿ, ಚರಂಡಿಯಾದ ಮೇಲೆ ಬೀದಿ ದೀಪ, ಆಮೇಲೆ ಮನೆಗಳು. ಒಂದು ಮನೆ ಮುಗಿಯುವ ತನಕ ಭಾನುವಾರಗಳೆಲ್ಲ ಆ ಮನೆಗೇ. ಮುಗಿದರೆ ಪಕ್ಕದ್ದು. ಇದಕ್ಕೆ ಸರದಿ ಎಂದು ಹೆಸರು.

ಹೋದ ವರ್ಷ ನನ್ನ ಗಂಡ ಜ್ವರವೆಂದು ಆಸ್ಪತ್ರೆಗೆ ಹೋದರು, ಮನೆಗೆ ಬರಲಿಲ್ಲ. ಅತ್ತೆ ಒಂದು ಭಾನುವಾರ ಹೋಗಲಿಲ್ಲ. ಮರುವಾರ ಹೋದರು.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ರಜೆ ಹಾಕಿದ್ದೆ. ರಜೆ ಮುಗಿದಿತ್ತು. ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ.

ಟೈಲರಕ್ಕನ ಕಿಟಕಿಗಳನ್ನು ಮಾಡಿದವನು ನನ್ನ ಮೈದುನ. ಅವನು ಬಡಗಿ. ಗಿರಣಿಯನ್ನು ಈಗ ಫ್ಲ್ಯಾಟುಗಳಾಗಿ ಮಾಡುತ್ತಿದ್ದಾರೆ. ಒಳಗಿನಿಂದ ಕಿತ್ತು ಹಾಕಿದ ಹಳೆಯ ತೊಲೆಗಳನ್ನು ಅವನು ಕೇಳಿ ತಂದಿದ್ದ. ತಿಂಗಳುಗಟ್ಟಲೆ ನಮ್ಮ ಮುಂದಿನ ಕೋಣೆಯಲ್ಲಿ ಕೊಯ್ದ, ಹೆರೆದ, ಉಜ್ಜಿದ. ಊಟದಲ್ಲೂ ಮರದ ಪುಡಿ ಸಿಗುತ್ತಿತ್ತು. ಕೂಡಿಸಿ ಮುಗಿದ ಮೇಲೆ ಬೀದಿಯ ಆ ಬದಿಗೆ ಹೋಗಿ ನಿಂತು ನೋಡಿದ. ಆಮೇಲೆ ಮೂಲೆಯ ಹೊಸ ಕಾಫಿ ಅಂಗಡಿಗೆ ಬಂದವರು ಆ ಕಿಟಕಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳತೊಡಗಿದರು.

---

ಮಾವ ಗಿರಣಿಯಲ್ಲಿ ನೇಯುತ್ತಿದ್ದವರು. ಮಗ್ಗಗಳ ಸದ್ದು ಅವರ ಕಿವಿಯನ್ನು ತೆಗೆದುಕೊಂಡಿತ್ತು. ಆದರೆ ಆ ಸದ್ದಿನಲ್ಲಿ ದುಡಿದವರೆಲ್ಲರಿಗೂ ತುಟಿ ನೋಡಿ ಮಾತು ತಿಳಿಯುವುದು ರೂಢಿಯಾಗಿತ್ತು. ಕಿವಿ ಕೇಳುವ ಅತ್ತೆಗೂ ಅದು ಬರುತ್ತಿತ್ತು. ಬೀದಿಯ ಆ ಕೊನೆಯಲ್ಲಿ ನಿಂತವಳ ಜೊತೆ ಅತ್ತೆ ದನಿಯೇ ಇಲ್ಲದೆ ಜಗಳವಾಡಬಲ್ಲರು. ಮಾವನಿಗೆ ಗೊತ್ತಾಗಬಾರದ ಮಾತು ಮನೆಯಲ್ಲಿದ್ದರೆ ನಾವು ಗೋಡೆಗೆ ಮುಖ ಮಾಡಿಕೊಂಡು ಹೇಳಬೇಕಿತ್ತು.

ಬೆಳಗಿನ ಚಹಾದ ಹೊತ್ತಿಗೆ ಮಾವ ಕಿಟಕಿಯ ಪಕ್ಕ ಕೂರುತ್ತಿದ್ದರು. ಒಂದು ದಿನ ಪಕ್ಕದ ಟೈಲರಕ್ಕನ ಮನೆಯ ಮಾಲೀಕ ಬಂದ. ಅವನದು ಪೇಟೆಯಲ್ಲಿ ಸೈಕಲ್ ಅಂಗಡಿ. ಜೊತೆಗೆ ಇಸ್ತ್ರಿ ಮಾಡಿದ ಅಂಗಿಯ ಇನ್ನೊಬ್ಬ. ಇಬ್ಬರೂ ಬೀದಿಯ ಆಚೆ ಬದಿಯಲ್ಲಿ ನಿಂತು ಮನೆಯನ್ನು ನೋಡುತ್ತ ಮಾತಾಡುತ್ತಿದ್ದರು. ಅವರ ಮುಖ ನಮ್ಮ ಕಡೆಗಿತ್ತು.

"ತಿಂಗಳ ಕೊನೆಗೆ ಖಾಲಿ ಅಂತಿದ್ದಾನೆ!" ಮಾವ ಕೂಗಿದರು. ಕಿವಿ ಕೇಳದವರ ಗಂಟಲು ದೊಡ್ಡದು. "ಏನು ಖಾಲಿ? ಸೈಕಲ್ ಅಂಗಡಿನಾ?"

ಅತ್ತೆ ಕೈಯಲ್ಲಿ ಬ್ರೆಡ್ಡಿನ ಚಾಕು ಹಿಡಿದೇ ಬಂದು ನಿಂತರು. ಆಚೆ ಬದಿಯ ಬಾಯಿಗಳನ್ನು ನೋಡಿದರು. ಅವರ ತುಟಿಯೂ ಸಣ್ಣಗೆ ಅಲುಗುತ್ತಿತ್ತು.

"ಏನಂತೆ ಅತ್ತೆ?"

"'ಆಯಮ್ಮ ಹೋದ್ರೆ ದುಪ್ಪಟ್ಟು ಕೊಡೋರು ಇದಾರೆ' ಅಂತಿದ್ದಾನೆ ಇಸ್ತ್ರಿ ಅಂಗಿ. 'ಒಳಗೆ ಬಂದು ನೋಡೋದೇ ಬೇಡ, ಕಿಟಕಿದೊಂದು ಫೋಟೊ ಹಾಕಿದ್ರೆ ಸಾಕು.'"

ಮೈದುನ ತಟ್ಟೆಯಿಂದ ತಲೆಯೆತ್ತಿದ. "ಕಿಟಕಿ ಅಂದ್ರಾ? ಚೆನ್ನಾಗಿದೆ ಅಂದ್ರಾ?"

"ಅಂದ್ರು ಕಣೋ. ತುಂಬಾ ಚೆನ್ನಾಗಿದೆ ಅಂದ್ರು. ಅದಕ್ಕೇ ಅವಳನ್ನ ಬಿಡಿಸ್ತಾರೆ."

ಅವನು ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದು ಮರೆತ.

ಟೈಲರಕ್ಕನಿಗೆ ಈ ಮಾತನ್ನು ಅತ್ತೆಯೇ ಹೋಗಿ ಹೇಳಿದರು. ಮಾಲೀಕ ಮರುದಿನ ಬಂದು, ತುಂಬ ಮರ್ಯಾದೆಯಿಂದ, ಅದನ್ನೇ ಹೇಳಿದ. ಅವಳಿಗೆ ಇದ್ದ ಜಾಗವೊಂದೇ: ಊರಾಚೆ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಕಡೆ ಚಿಕ್ಕಮ್ಮನ ಮನೆಯಲ್ಲಿ ಒಂದು ಮೂಲೆ. ಮಗಳ ಶಾಲೆ ಇಲ್ಲಿ, ಬಟ್ಟೆ ಕೊಡುವವರು ಇಲ್ಲಿ.

"ಹೋಗಲಿ ಬಿಡಿ ಮೇಸ್ತ್ರಮ್ಮ" ಎಂದು ಅವಳೇ ಅತ್ತೆಗೆ ಸಮಾಧಾನ ಹೇಳಿದಳಂತೆ. "ಸೋರದೆ ಇರೋ ಮನೇಲಿ ಸ್ವಲ್ಪ ದಿನವಾದ್ರೂ ಮಲಗಿದೆ."

ಅತ್ತೆ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಹಸಿವಿಲ್ಲ ಅಂದರು. ಪಾತ್ರೆಗಳನ್ನು ತೊಳೆದಿದ್ದರೂ ಮತ್ತೊಮ್ಮೆ ತೊಳೆದರು.

---

ಜಗಳ ಶುರುವಾದದ್ದು ರಾತ್ರಿ ಊಟದ ಹೊತ್ತಿಗೆ.

"ಅವಳಿಗೆ ಮುಂದಿನ ಕೋಣೆ ಕೊಡ್ತೀನಿ" ಅಂದರು ಅತ್ತೆ.

"ನನ್ನ ಮರ, ನನ್ನ ಹಾಸಿಗೆ ಅಲ್ಲಿದೆಯಲ್ಲಮ್ಮ. ನಾನೆಲ್ಲಿ ಮಲಗಲಿ, ಒಲೆ ಮೇಲಾ?"

"ಒಲೆ ಮೇಲೆ ಜಾಗ ಇಲ್ಲ. ನಿಮ್ಮಪ್ಪನ ಪಕ್ಕ ಮಲಗು."

"ಅಪ್ಪನ ಗೊರಕೆಗೆ ಅವರೊಬ್ಬರೇ ಮಲಗೋಕೆ ಆಗೋದು. ಅವರಿಗೆ ಮಾತ್ರ ಅದು ಕೇಳಿಸಲ್ಲ."

ನಾನು ಅನ್ನ ಬಡಿಸಿದೆ. ಮೈದುನ ಗೋಡೆಯ ಕಡೆ ತಿರುಗಿದ.

"ಮೇಲಿನ ಕೋಣೆ ಇದೆ. ಹಿಂದಿನ ಮೆಟ್ಟಿಲು ಬೇರೆ, ಬಾಗಿಲು ಬೇರೆ. ಅದನ್ನ ಫ್ಲ್ಯಾಟಿಗೆ ಬರೋ ಹೊಸಬರಿಗೆ ಬಾಡಿಗೆಗೆ ಕೊಟ್ರೆ ನಾನೊಂದು ಅಂಗಡಿ ಹಿಡೀಬಹುದು. ಎಷ್ಟು ಸಲ ಹೇಳಿಲ್ಲ ನಿನಗೆ?"

ಅತ್ತೆಯೂ ಗೋಡೆಗೆ ತಿರುಗಿದರು. "ಆ ಕೋಣೆಯಲ್ಲಿ ನಿನ್ನ ಅತ್ತಿಗೆ ಇದ್ದಾಳೆ."

"ಅತ್ತಿಗೆ ಇವತ್ತಲ್ಲ ನಾಳೆ ಕಾಲೇಜಿನ ಹತ್ರ ಹೋಗಲೇಬೇಕಲ್ಲ. ಇಲ್ಲ ಅಂದ್ರೆ ತವರಿಗೆ. ಇಲ್ಲೇ ಆಲೂಗಡ್ಡೆ ಸುಲೀತಾ ಕೂರ್ತಾರಾ?"

"ಹೊಸಬರು, ಹೊಸಬರು. ಆ ಹೊಸಬರಿಂದಲೇ ಅಲ್ವೇನೋ ಪಕ್ಕದೋಳು ಬೀದಿಗೆ ಬೀಳ್ತಿರೋದು?"

"ಆ ಹೊಸಬರಿಂದಲೇ ನನಗೆ ಕೆಲಸ ಸಿಗ್ತಿರೋದು! ಈ ಬೀದೀಲಿ ಯಾರಾದ್ರೂ ನನಗೆ ಕಿಟಕಿಗೆ ಕೂಲಿ ಕೊಟ್ಟಿದ್ದಾರಾ? ಹೋಳು ಮೊಟ್ಟೆ ಕೊಟ್ಟಿದ್ದಾರೆ!"

"ಏನು ಗೋಡೆ ಹತ್ರ ಅಷ್ಟು ಹೊತ್ತು?" ಮಾವ ಕೂಗಿದರು. "ಗೋಡೆ ಏನಂತು? ನನಗೂ ಸ್ವಲ್ಪ ಹೇಳಿ!"

ಅತ್ತೆ ಮುಖ ತಿರುಗಿಸಿ ಅವರಿಗೆ ಕಾಣುವ ಹಾಗೆ ಹೇಳಿದರು. "ಮೇಲಿನ ಕೋಣೆ ಅವಳದು. ಅವಳಾಗಿ ಬಾಯಿ ಬಿಟ್ಟು ಹೇಳೋ ತನಕ ಅದು ಯಾರಿಗೂ ಇಲ್ಲ. ಹೊಸಬರಿಗೂ ಇಲ್ಲ, ಹಳಬರಿಗೂ ಇಲ್ಲ."

ಮಾವ ನನ್ನನ್ನು ನೋಡಿದರು. ಊಟ ಮುಗಿಸಿ ಮೇಲೆ ಹೋದೆ. ಆ ಕೋಣೆಯನ್ನು ನಮ್ಮ ಮದುವೆಗೆಂದು ಕಟ್ಟಿಸಿದ್ದರು. ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನ ಗಂಡನ ಅಂಗಿ ನೇತಾಡುತ್ತಿತ್ತು.

---

ಮುಂದಿನ ಸರದಿ ಅಂಚೆಯಣ್ಣನದು. ಈ ಬೀದಿಗೆ ಕಾಗದ ಹಂಚುತ್ತಲೇ ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಅತ್ತೆ ಗಾರೆ ಬಾಣಲಿ, ಕರಣೆ, ಸಲಿಕೆ ಹಿಡಿದು ಅವನ ಬಾಗಿಲು ತಟ್ಟಿದರು. ಜೊತೆಗೆ ನಾನಿದ್ದೆ. ಬೇರೆ ಯಾರೂ ಬಂದಿರಲಿಲ್ಲ.

ಅಂಚೆಯಣ್ಣ ಬಾಗಿಲನ್ನು ಅರ್ಧ ಮಾತ್ರ ತೆಗೆದ. "ಬೇಡ ಮೇಸ್ತ್ರಮ್ಮ."

"ಏನು ಬೇಡ?"

"ರಿಪೇರಿ ಬೇಡ. ಸೋರಲಿ. ಸೋರೋದ್ರಿಂದಲೇ ನಮ್ಮ ಮಾಲೀಕರು ಈ ಕಡೆ ತಲೆ ಹಾಕಲ್ಲ. ಬಕೆಟ್ ಇಟ್ಟಿದ್ದೀನಿ, ಚೆನ್ನಾಗಿದೀನಿ."

"ಗೋಡೆ ನೋಡು, ಹೊಟ್ಟೆ ಮುಂದಕ್ಕೆ ಬಂದಿದೆ. ಬೀಳುತ್ತೆ."

"ಬೀಳೋವಾಗ ಸೈಡಿಗೆ ಹೋಗ್ತೀನಿ."

ಒಳಗಿನಿಂದ ಅವನ ಹೆಂಡತಿ ಕೂಗಿದಳು. "ಹೋದ ವಾರ ಬಾಗಿಲಿಗೆ ಬಣ್ಣ ಹೊಡೆದಿದ್ದಕ್ಕೇ ಇವರಿಗೆ ನಿದ್ದೆ ಬರ್ತಿಲ್ಲ ಮೇಸ್ತ್ರಮ್ಮ. ಇವತ್ತು ಅದಕ್ಕೆ ಮಸಿ ಬಳಿದಿದ್ದಾರೆ, ನೋಡಿ!"

ನಿಜ. ನೀಲಿ ಬಾಗಿಲ ಮೇಲೆ ಒಲೆಯ ಮಸಿಯನ್ನು ಬಟ್ಟೆಯಿಂದ ಒರೆಸಿದ ಗುರುತು. ಅತ್ತೆ ಅದನ್ನು ನೋಡಿದರು. ನಗಲಿಲ್ಲ. ನಮ್ಮ ಬೀದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಬಾಡಿಗೆಯವರು. ಅಂದು ಅತ್ತೆ ಯಾವ ಯಾವ ಮನೆಯ ಮುಂದೆ ನಿಂತರೋ ಅಲ್ಲೆಲ್ಲ ಇದೇ ಮಾತು. ಚೆನ್ನಾಗಿ ಕಾಣುವುದಕ್ಕೆ ಜನ ಹೆದರಿದ್ದರು.

ಬಾಣಲಿ ಹಾಗೇ ಮನೆಗೆ ಬಂತು. ಅತ್ತೆ ಅದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ನಾಳೆ ನನ್ನ ಜೊತೆ ಬಾ" ಅಂದರು. "ಸೈಕಲ್ ಅಂಗಡಿಗೆ. ನನಗೆ ಸಿಟ್ಟು ಬರುತ್ತೆ. ನಿನಗೆ ಬರಲ್ಲ."

---

ಸೈಕಲ್ ಅಂಗಡಿಯವನು ಸ್ಟೂಲು ಒರೆಸಿ ಕೊಟ್ಟ. ಚಹಾ ತರಿಸಿದ. ಅಂಗಡಿಯ ತುಂಬ ಟೈರುಗಳು ನೇತಾಡುತ್ತಿದ್ದವು, ಹೆಚ್ಚಿನವು ಧೂಳು ಹಿಡಿದವು.

"ನಾನು ಕೆಟ್ಟೋನಲ್ಲಮ್ಮ. ಗಿರಣಿ ಇದ್ದಾಗ ಶಿಫ್ಟ್ ಬಿಟ್ಟರೆ ಇಲ್ಲಿ ಪಂಕ್ಚರ್ ಹಾಕಿಸೋಕೆ ಸಾಲು ನಿಲ್ಲೋದು. ಈಗ ದಿನಕ್ಕೊಬ್ಬ ಬರ್ತಾನೆ, ಅವನೂ ಗಾಳಿ ಹೊಡಿಸ್ಕೊಂಡು ಹೋಗ್ತಾನೆ. ಆ ಮನೆಯೊಂದೇ ನನಗೆ ಇರೋದು."

ನಾನು ಬಾಡಿಗೆಯ ನಿಯಮಗಳ ಬಗ್ಗೆ, ನೋಟಿಸಿನ ಬಗ್ಗೆ ಏನೇನೋ ಹೇಳಿದೆ. ಅವನು ತಲೆ ಬಾಗಿಸಿ ಕೇಳಿಸಿಕೊಂಡ. "ಅದೆಲ್ಲ ಪಾಲಿಸ್ತೀನಿ ಟೀಚರಮ್ಮ" ಅಂದ.

"ಅವಳು ಕಟ್ಟಿದ ಬಾಡಿಗೇಲಿ ನೀನು ಒಂದು ಹೆಂಚು ಬದಲಿಸಿದೆಯೇನಪ್ಪ?" ಅತ್ತೆ ಕೇಳಿದರು. "ಮಾಡಿದ್ದೆಲ್ಲ ನಾವು."

"ಮಾಡಿ ಅಂತ ನಾನು ಕೇಳಿದ್ನಾ ಮೇಸ್ತ್ರಮ್ಮ? ಒಂದು ಮಾತು ನನ್ನನ್ನ ಕೇಳಿದ್ರಾ ನೀವು? ನಾನು ಬಂದು ನೋಡಿದಾಗ ನನ್ನ ಮನೆ ನನಗೇ ಗುರುತು ಸಿಗಲಿಲ್ಲ."

ಅತ್ತೆ ಚಹಾ ಮುಗಿಸಿದರು. ಲೋಟವನ್ನು ತಾವೇ ತೊಳೆದಿಟ್ಟರು. ಬಸ್ ಸ್ಟಾಪಿನ ತನಕ ನಡೆದೆವು. ಬಸ್ಸು ಬಂದು ಹೋಯಿತು, ನಾವು ಹತ್ತಲಿಲ್ಲ.

"ಅವನು ಹೇಳಿದ್ರಲ್ಲಿ ಒಂದು ಮಾತು ಸರಿ" ಅಂದರು. "ನಾವು ಕೇಳಲಿಲ್ಲ."

"ಅವರ ಅಪ್ಪಣೆ ಕೇಳಬೇಕಿತ್ತಾ?"

"ಅಪ್ಪಣೆ ಅಲ್ಲ ಕಣೇ. ಕೆಲಸಕ್ಕೆ ಕೈ ಹಾಕೋ ಮೊದಲು ಸಿಮೆಂಟ್ ಎಷ್ಟು ಬೇಕು ಅಂತ ಕೇಳಿದೆ, ಮರಳು ಎಷ್ಟು ಅಂತ ಕೇಳಿದೆ. ಇವಳನ್ನ ಎಷ್ಟು ವರ್ಷ ಇರೋಕೆ ಬಿಡ್ತೀಯ ಅಂತ ಕೇಳಲೇ ಇಲ್ಲ. ನನ್ನ ತಲೆಗೆ ಹೋಗಲಿಲ್ಲ ನೋಡು. ಸೋರೋದು ನಿಂತರೆ ಎಲ್ಲ ಸರಿಹೋಗುತ್ತೆ ಅಂತಲೇ ಇದ್ದೆ."

ಮರುದಿನದಿಂದ ಅತ್ತೆ ಮನೆಯಲ್ಲಿ ಸಿಗಲಿಲ್ಲ. ಒಲೆ ನನ್ನ ಪಾಲಿಗೆ ಬಂತು. ಬೀದಿಯ ಬಾಡಿಗೆಮನೆಗಳ ಮಾಲೀಕರು ಎಲ್ಲೆಲ್ಲಿದ್ದಾರೆ ಎಂದು ಅಂಚೆಯಣ್ಣನಿಗೆ ಗೊತ್ತಿತ್ತು. ಅವನನ್ನು ಎಳೆದುಕೊಂಡು ಅತ್ತೆ ಒಬ್ಬೊಬ್ಬರ ಮನೆಗೂ ಹೋದರು. ಹೇಳಿದ್ದು ಇಷ್ಟೇ: ಭಾನುವಾರ ಬೀದಿಗೆ ಬನ್ನಿ, ನಿಮ್ಮ ಬಾಡಿಗೆಯವರು ಎಷ್ಟು ವರ್ಷ ಇರಬಹುದು ಎಂದು ಎಲ್ಲರ ಮುಂದೆ ಹೇಳಿ. ಹೇಳಿದರೆ ನಿಮ್ಮ ಮನೆಗೆ ನಮ್ಮ ಕೈ. ಇಲ್ಲದಿದ್ದರೆ ನಿಮ್ಮ ಮನೆ, ನಿಮ್ಮ ಬಕೆಟ್ಟು.

ಕೆಲವರು ಬಾಗಿಲನ್ನೇ ತೆಗೆಯಲಿಲ್ಲ. ಒಬ್ಬ ಬೈದು ಕಳಿಸಿದ. ಆ ಭಾನುವಾರ ಬಂದವರು ಅಂಚೆಯಣ್ಣನ ಮಾಲೀಕರು ಒಬ್ಬರೇ, ಔಷಧಿ ಅಂಗಡಿಯ ಮುದುಕಿ. ಛತ್ರಿ ಹಿಡಿದು ಬೀದಿಯ ನಡುವೆ ನಿಂತರು. ಸುತ್ತ ಜನ.

"ಎಷ್ಟು ವರ್ಷ?" ಅತ್ತೆ ಕೇಳಿದರು.

"ಐದು" ಅಂದರು ಆಕೆ, ಸಣ್ಣ ದನಿಯಲ್ಲಿ.

"ಜೋರಾಗಿ."

"ಐದು ವರ್ಷ! ಬಾಡಿಗೆ ಈಗಿನದೇ! ಸಾಕಾ? ಊರಿಗೆಲ್ಲ ಕೇಳಿಸ್ತಾ?"

"ಕೇಳಿಸ್ತು!" ಎಂದರು ಮಾವ. ಅವರಿಗೆ ಕೇಳಿಸಿತು ಎಂಬುದಕ್ಕೇ ಎಲ್ಲರೂ ನಕ್ಕರು.

"ಒಂದು ಕಾಗದವನ್ನೂ ಮಾಡಿಸೋದು ಒಳ್ಳೇದು" ಅಂದೆ ನಾನು.

"ಮಾಡಿಸು. ಗಿರಣಿ ಮುಚ್ಚುವಾಗ್ಲೂ ನಮ್ಮೆಲ್ಲರ ಹತ್ರ ಕಾಗದ ಇತ್ತು. ಆದರೆ ಇಷ್ಟು ಜನ ಕೇಳಿಸಿಕೊಂಡ ಮಾತನ್ನ ನುಂಗೋಕೆ ಗಂಟಲು ಗಟ್ಟಿ ಇರಬೇಕು." ಅತ್ತೆ ಸಲಿಕೆ ಎತ್ತಿದರು. "ಅಂಚೆಯಣ್ಣ, ಹೋಗು, ಅನ್ನಕ್ಕಿಡು. ಮೊದಲು ಆ ಬಾಗಿಲು ಒರೆಸು."

ಜನ ಬಾಣಲಿಗಳನ್ನು ತರಲು ಮನೆಗಳಿಗೆ ಓಡಿದರು. ಟೈಲರಕ್ಕನೂ ಬಂದಿದ್ದಳು. ತಿಂಗಳು ಮುಗಿಯುತ್ತ ಬಂದಿತ್ತು. ಬಿಟ್ಟುಹೋಗಬೇಕಾದ ಬೀದಿಯಲ್ಲಿ ಅವಳು ಸಂಜೆಯ ತನಕ ಮರಳು ಜರಡಿ ಹಿಡಿದಳು.

---

ಅದೇ ವಾರ ಒಂದು ಸಂಜೆ ಮೈದುನ ಹತಾರದ ಪೆಟ್ಟಿಗೆ ತೆಗೆದುಕೊಂಡು ಹೊರಟ.

"ಎಲ್ಲಿಗೆ?" ಅತ್ತೆ ಕೇಳಿದರು.

"ಪಕ್ಕದ ಮನೆಗೆ. ಕಿಟಕಿ ಬಿಚ್ಚಿಕೊಂಡು ಬರ್ತೀನಿ. ನನ್ನ ಮರ, ನನ್ನ ದುಡಿಮೆ. ಸೈಕಲ್ ಅಂಗಡಿಯವನು ಹಳೇ ತಗಡು ಹಾಕ್ಕೊಂಡು ಫೋಟೊ ತೆಗೀಲಿ."

"ಬಿಚ್ಚಿದ್ರೆ ಅವಳಿಗೆ ಮನೆ ಸಿಗುತ್ತಾ?"

"ಸಿಗಲ್ಲ. ನನಗೆ ನಿದ್ದೆ ಬರುತ್ತೆ."

ಅತ್ತೆ ತಡೆಯಲಿಲ್ಲ. ನಾನು ಸೊಪ್ಪು ಬಿಡಿಸುತ್ತಿದ್ದೆ. ಗೋಡೆಯಾಚೆಯಿಂದ ಸುತ್ತಿಗೆಯ ಸದ್ದು ಬಂತು. ಆಮೇಲೆ ಸದ್ದು ನಿಂತಿತು. ಆಮೇಲೆ ಬೇರೆ ಸದ್ದು, ಉದ್ದನೆಯದು, ಉಜ್ಜುವಂಥದ್ದು. ಅತ್ತೆ ಕಿವಿಗೊಟ್ಟು ಕೇಳಿದರು. ಅನ್ನದ ಪಾತ್ರೆ ಇಳಿಸಿದರು.

ಕತ್ತಲಾಗುವ ಹೊತ್ತಿಗೆ ಅವನು ಬಂದ. ಕೈಯಲ್ಲಿ ಪೆಟ್ಟಿಗೆ ಮಾತ್ರ. ಕೂದಲ ತುಂಬ ಮರದ ಸುರುಳಿ.

"ಎಲ್ಲೋ ಕಿಟಕಿ?"

ಅವನು ಕೈ ತೊಳೆಯಲು ಹೋದ.

"ಏ, ಕೇಳಿದೆನಲ್ಲ. ಬಿಚ್ಚಿದೆಯಾ?"

"ಬಿಚ್ಚಿದೆ."

"ಮತ್ತೆ?"

"ಎಡಗಡೆ ಬಾಗಿಲು ಚೌಕಟ್ಟಿಗೆ ಉಜ್ಜುತ್ತಾ ಇತ್ತಮ್ಮ. ಮರ್ಯಾದೆ ಇರೋ ಯಾವ ಹೊಸ ಕಿಟಕಿನೂ ಹಾಗೆ ಕಿರುಗುಟ್ಟಬಾರದು. ಸ್ವಲ್ಪ ಹತ್ತರಿ ಹೊಡೆದು ನೋಡೋಣ ಅಂತ ಹೊಡೆದೆ. ಸರಿಯಾಯ್ತಾ ಅಂತ ಗೊತ್ತಾಗಬೇಕಾದ್ರೆ ಕೂಡಿಸಲೇಬೇಕಲ್ಲ. ಕೂಡಿಸಿದೆ." ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. "ಈಗ ಒಂದು ಬೆರಳಲ್ಲಿ ತಳ್ಳಿದ್ರೆ ಮುಚ್ಚಿಕೊಳ್ಳುತ್ತೆ."

ಮಾವನಿಗೆ ಟವೆಲ್ಲಿನ ಹಿಂದಿನ ಮಾತು ಸಿಗಲಿಲ್ಲ. "ಏನಂತೆ? ಏನಂತೆ?" ಎಂದರು. ಅತ್ತೆ ಅವರಿಗೆ ಹೇಳಿದರು. ಮಾವ ಮೇಜು ಬಡಿದು ನಕ್ಕರು, ಕೆಮ್ಮು ಬರುವ ತನಕ ನಕ್ಕರು. ಮೈದುನನಿಗೆ ಸಿಟ್ಟು ಬಂತು, ಆಮೇಲೆ ಅವನೂ ನಕ್ಕ. ಅತ್ತೆ ನಗಲಿಲ್ಲ. ಅವನ ತಲೆಯಿಂದ ಒಂದೊಂದೇ ಸುರುಳಿ ತೆಗೆದು ಒಲೆಗೆ ಹಾಕಿದರು.

"ಮೇಲಿನ ಕೋಣೆ ಟೈಲರಕ್ಕನಿಗೆ ಕೊಡೋಣ" ಅಂದೆ ನಾನು.

ಮೂವರೂ ತಿರುಗಿ ನೋಡಿದರು.

"ನೀನೆಲ್ಲಿ ಮಲಗ್ತೀಯ?" ಅತ್ತೆ ಕೇಳಿದರು.

"ಮುಂದಿನ ಕೋಣೆ. ಇವನ ಮರ ಹಿತ್ತಲಿಗೆ ಹೋಗಲಿ. ಅಲ್ಲೊಂದು ತಗಡಿನ ಮಾಡು ಹಾಕಿದ್ರೆ ಇವನಿಗೆ ಅಂಗಡಿಯೂ ಆಗುತ್ತೆ, ಮಲಗೋಕೂ ಆಗುತ್ತೆ."

"ಹಿತ್ತಲಲ್ಲಿ ಅಂಗಡಿನಾ?" ಅಂದ ಮೈದುನ. "ಫ್ಲ್ಯಾಟಿನೋರು ಹಿತ್ತಲಿಗೆ ಬರ್ತಾರಾ ಅತ್ತಿಗೆ?"

"ಕಿಟಕಿ ಬೇಕಾದ್ರೆ ಬರ್ತಾರೆ."

ಅವನು ಸ್ವಲ್ಪ ಹೊತ್ತು ಅನ್ನ ಕಲಸಿದ. "ಮಾಡಿಗೆ ತಗಡು ಬೇಡ" ಅಂದ. "ಮಳೆ ಬಂದ್ರೆ ಸದ್ದು. ಹೆಂಚು ಹಾಕೋಣ."

ಅತ್ತೆ ನನ್ನ ತಟ್ಟೆಗೆ ಅನ್ನ ಹಾಕಿದರು. ನಾನು ಸಾಕು ಅಂದರೂ ಹಾಕಿದರು. "ಯೋಚನೆ ಮಾಡಿ ಹೇಳ್ತಿದ್ದೀಯಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ" ಅಂದೆ.

"ಸರಿ ಹಾಗಾದ್ರೆ" ಅಂದರು.

---

ಕೋಣೆ ಖಾಲಿ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ಪುಸ್ತಕಗಳನ್ನು ಮಾವ ಒಂದೊಂದು ಕಂತೆಯಾಗಿ ಇಳಿಸಿದರು, ಪ್ರತಿ ಸಲವೂ "ಇಷ್ಟನ್ನೂ ಓದಿದ್ದೀಯಾ?" ಎಂದು ಬೀದಿಗೆ ಕೇಳುವಂತೆ ಕೇಳಿದರು. ನನ್ನ ಗಂಡನ ಅಂಗಿಗಳನ್ನು ಮೈದುನ ತೊಟ್ಟು ನೋಡಿದ. ತೋಳು ಉದ್ದವಾಯಿತು. ಟೈಲರಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಂದು, ತೋಳು ಮಡಚಿ, ಚುಚ್ಚಿ ಗುರುತು ಮಾಡಿದಳು.

ಕೊನೆಗೆ ಅವಳ ಹೊಲಿಗೆ ಮಿಷಿನ್ನು. ಅದು ಗಿರಣಿಯ ಸಿದ್ಧ ಉಡುಪಿನ ವಿಭಾಗದ್ದು. ಮುಚ್ಚಿದಾಗ ಟೈಲರಕ್ಕನ ತಾಯಿ ಕೊಂಡದ್ದು. ಬೀಡುಕಬ್ಬಿಣದ ಕಾಲು. ನಮ್ಮ ಹಿಂದಿನ ಮೆಟ್ಟಿಲು ಕಿರಿದು, ಕೈಪಿಡಿ ಇಲ್ಲ. ಬೀದಿಯ ಅರ್ಧ ಜನ ಹಿತ್ತಲಿನಲ್ಲಿ ಸೇರಿದ್ದರು, ಎತ್ತಲು ಕೆಲವರು, ಹೇಗೆ ಎತ್ತಬೇಕೆಂದು ಹೇಳಲು ಉಳಿದವರು.

"ಓರೆ ಮಾಡು! ಓರೆ!"

"ನಿನ್ನ ಕಡೆ ಇಳಿಸು!"

"ಇಳಿಸಿದ್ರೆ ನನ್ನ ಕಾಲು ಉಳಿಯಲ್ಲಣ್ಣ!"

ಕೆಳಗಿನಿಂದ ಮೈದುನ ಹೆಗಲು ಕೊಟ್ಟಿದ್ದ. ಮೇಲಿನಿಂದ ಅಂಚೆಯಣ್ಣ ಮತ್ತು ಇನ್ನಿಬ್ಬರು. ಟೈಲರಕ್ಕ ಮಿಷಿನ್ನಿನ ತಲೆ ಹಿಡಿದುಕೊಂಡು ನಡುವೆ ಹತ್ತುತ್ತಿದ್ದಳು. ಮೆಟ್ಟಿಲಿನ ಅರ್ಧಕ್ಕೆ ಬಂದಾಗ ಅವಳು "ನಿಲ್ಲಿಸಿ" ಅಂದಳು.

"ಏನಾಯ್ತು? ಸಿಕ್ಕಿಕೊಂಡ್ತಾ?"

"ಇಲ್ಲ. ಟೀಚರಮ್ಮನ್ನ ಒಂದು ಮಾತು ಕೇಳಬೇಕು."

"ಈಗ್ಲಾ?" ಅಂದ ಮೈದುನ, ಮಿಷಿನ್ನಿನ ಕೆಳಗಿನಿಂದ.

"ಈಗ್ಲೇ. ಮೇಲೆ ಹೋದ ಮೇಲೆ ನನಗೆ ಬಾಯಿ ಬರಲ್ಲ." ಅವಳು ತಿರುಗಿ, ಮೆಟ್ಟಿಲ ಬುಡದಲ್ಲಿ ನಿಂತ ನನ್ನನ್ನು ನೋಡಿದಳು. "ಕೋಣೆ ನಿಮ್ಮದು ಅಂತ ಮೇಸ್ತ್ರಮ್ಮ ಹೇಳಿದ್ರು. ಹಾಗಾದ್ರೆ ನಿಮ್ಮನ್ನೇ ಕೇಳಬೇಕು. ಎಷ್ಟು ವರ್ಷ?"

ಹಿತ್ತಲಿನಲ್ಲಿ ಮಾತು ನಿಂತಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದರು. ಅವರು ಹೇಳಬಹುದಿತ್ತು. ಹೇಳಲಿಲ್ಲ.

"ನೀವು ಕಾಲೇಜಿನ ಹತ್ರ ಹೋಗ್ತೀರಿ, ತವರಿಗೆ ಹೋಗ್ತೀರಿ ಅಂತಾದ್ರೆ ಈಗಲೇ ಹೇಳಿಬಿಡಿ, ಬೇಜಾರಿಲ್ಲ" ಅಂದಳು ಟೈಲರಕ್ಕ. "ನೀವು ಹೋದ ಮೇಲೆ ಕೋಣೆ ಯಾರ ಪಾಲಿಗೆ ಬರುತ್ತೋ ನನಗೆ ಗೊತ್ತಿಲ್ಲ. ಚಿಕ್ಕಮ್ಮನ ಮನೆ ಇನ್ನೂ ಇದೆ. ಇನ್ನೊಂದು ಸಲ ಇದನ್ನ ಇಳಿಸೋ ಶಕ್ತಿ ನನಗಿಲ್ಲ, ಅಷ್ಟೇ."

ಒಂದು ವರ್ಷದಿಂದ ಜನ ನನ್ನನ್ನು ಕೇಳುತ್ತಿದ್ದದ್ದು ಊಟ ಆಯಿತಾ ಎಂದು ಮಾತ್ರ. ನಾನೂ ಅದರಿಂದಾಚೆಗೆ ನೋಡಿರಲಿಲ್ಲ. ಟೈಲರಕ್ಕನ ಮಗಳು ಗುಂಡುಸೂಜಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು.

"ನೀನು ಎಷ್ಟನೇ ಕ್ಲಾಸು?" ಎಂದು ಅವಳನ್ನು ಕೇಳಿದೆ.

"ಐದು."

ಶಾಲೆ ಮುಗಿಯಬೇಕು, ಆಮೇಲೆ ಕಾಲೇಜು.

"ಹತ್ತು ವರ್ಷ" ಅಂದೆ.

"ಕೇಳಿಸಲಿಲ್ಲ!" ಎಂದು ಮೇಲಿನಿಂದ ಅಂಚೆಯಣ್ಣ ಕೂಗಿದ.

"ಹತ್ತು ವರ್ಷ! ನಾನು ಇಲ್ಲೇ ಇರ್ತೀನಿ!"

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಟೈಲರಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಬಟ್ಟೆಯನ್ನು ಕತ್ತರಿಸುವ ಮುಂಚೆ ನೋಡುವ ಹಾಗೆ.

"ಟೈಲರಕ್ಕಾ" ಅಂದ ಮೈದುನ ಕೆಳಗಿನಿಂದ, "ಬೇಗ ಹೂಂ ಅನ್ನು. ಹತ್ತು ವರ್ಷ ಹೀಗೇ ಹಿಡ್ಕೊಂಡು ನಿಲ್ಲೋಕೆ ನನ್ನಿಂದಾಗಲ್ಲ."

"ಹೂಂ" ಅಂದಳು. "ಎತ್ತಿ."

ಎತ್ತಿದರು.